ಯಂತ್ರಕ್ಕೆ ‘ಬಿಡ್ತು’ ಕಲಿಸಿದ ಆಷಾಢ

ನಮ್ಮತ್ತೆಯ ಮನೆಯಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ. ಅಕ್ಕಿ ಡಬ್ಬದ ತಳ ಕಂಡರೆ ಅಕ್ಕಿ ‘ಹೆಚ್ಚಿದೆ’ ಎನ್ನಬೇಕು. ಬಳೆ ಒಡೆದರೂ ಹೆಚ್ಚಿತು. ದೀಪ ಆರುವುದಿಲ್ಲ, ಶಾಂತವಾಗುತ್ತದೆ. ಬಾಗಿಲು ಮುಚ್ಚುವುದಿಲ್ಲ, ಮುಂದೆ ಮಾಡುತ್ತಾರೆ. ಯಾರೂ ಹೋಗುವುದಿಲ್ಲ, ಎಲ್ಲರೂ ಹೋಗಿ ಬರುತ್ತಾರೆ. ಹೊನ್ನಾಳಿಯ ನಮ್ಮ ಮನೆಯಲ್ಲೂ ಈ ಮಾತುಗಳು ಇದ್ದವೇನೋ, ಆದರೆ ನಾನು ಚಿಕ್ಕಂದಿನಿಂದ ಶಿವಮೊಗ್ಗದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಉಪ್ಪು ಮುಗಿದರೆ ಮುಗಿದಿದೆ ಎಂದೇ ಹೇಳುತ್ತಿದ್ದರು. ಹಾಗಾಗಿ ಮದುವೆಯಾಗಿ ಚನ್ನಗಿರಿಗೆ ಬಂದ ಹೊಸತರಲ್ಲೇ, ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು, ಬಹಳ ವಿನಯದಿಂದ, “ಅತ್ತೆ, ಉಪ್ಪು ಮುಗಿದಿದೆ” ಅಂದುಬಿಟ್ಟೆ.

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

“ಬಿಡ್ತು ಅನ್ನು!”

“ಬಿಡ್ತು,” ಅಂದೆ.

ಸೌಟು ಮತ್ತೆ ಸಾರಿಗೆ ಇಳಿಯಿತು. ಆಡಿದ ಮಾತು ಆಡಲೇ ಇಲ್ಲವೆಂಬಂತೆ ಮನೆ ಮುಂದುವರಿಯಿತು. ನಾನು ಕಲಿತಿದ್ದ ಯಾವ ಕಂಪ್ಯೂಟರ್ ಭಾಷೆಯಲ್ಲೂ ಇಷ್ಟು ಚಿಕ್ಕದಾದ, ಇಷ್ಟು ಬಲವಾದ ಆಜ್ಞೆ ಇರಲಿಲ್ಲ.

ಹೌದು, ಕಂಪ್ಯೂಟರ್. ಎಪ್ಪತ್ತರ ದಶಕದ ಕೊನೆಯಲ್ಲಿ, ಮದುವೆಗೆ ಮುಂಚೆ, ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಸಿಸ್ಟಮ್ಸ್ ಪ್ರೋಗ್ರಾಮರ್ ಆಗಿದ್ದೆ. ಹೆಣ್ಣು ನೋಡಲು ಬಂದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, “ಪ್ರೋಗ್ರಾಂ ಅಂದ್ರೆ ಹಾಡೋದಾ, ಕುಣಿಯೋದಾ?” ನಮ್ಮಪ್ಪ ಬೆವೆತು, “ಇಲ್ಲ ಇಲ್ಲ, ಮಿಷಿನ್ನಿಗೆ ಪಾಠ ಹೇಳಿಕೊಡೋ ಟೀಚರ್ ಇದ್ದಂಗೆ ಕಣ್ರಿ” ಎಂದು ಉಳಿಸಿಕೊಂಡರು. ಟೀಚರ್ ಎಂಬ ಮಾತಿಗೆ ಎಲ್ಲರೂ ತಲೆದೂಗಿ ಉಪ್ಪಿಟ್ಟಿಗೆ ಕೈ ಹಾಕಿದರು.

ಕೆಲಸ ನಿಜವಾಗಿ ಏನೆಂದರೆ, ಸಂಬಳದ ಚೀಟಿ, ಸಾಮಾನಿನ ಲೆಕ್ಕ ಮಾಡುವ ಪ್ರೋಗ್ರಾಂಗಳನ್ನು ಬರೆಯುವವರು ಬೇರೆ. ಆ ಪ್ರೋಗ್ರಾಂಗಳಿಗೆಲ್ಲ ಕೂರಲು ಜಾಗ, ಸರದಿ, ಪಾತ್ರೆ-ಪಡಗ ಹೊಂದಿಸಿಕೊಟ್ಟು, ಒಂದರ ಕಾಲನ್ನು ಇನ್ನೊಂದು ತುಳಿಯದಂತೆ ನೋಡಿಕೊಳ್ಳುವ ಒಳಮನೆಯ ಕೆಲಸ ನಮ್ಮದು. ಚೆನ್ನಾಗಿ ಮಾಡಿದರೆ ನಾವು ಇದ್ದೇವೆಂದು ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟರೆ ಮಾತ್ರ ಎಲ್ಲರೂ ಹೆಸರು ಹಿಡಿದು ಕೂಗುತ್ತಾರೆ. ಮದುವೆಯಾದ ಮೇಲೆ ಕೆಲಸ ಬದಲಾಯಿತೆಂದು ನನಗೆ ಅಷ್ಟಾಗಿ ಅನ್ನಿಸಲಿಲ್ಲ. ಏರ್ ಕಂಡೀಷನ್ ಹೋಯಿತು, ಅಷ್ಟೆ.

ಅಷ್ಟೆ ಎಂದು ಬರೆದೆನೇ ಹೊರತು, ಅದು ಪೂರ್ತಿ ನಿಜವಲ್ಲ. ಮಧ್ಯಾಹ್ನ ಎಲ್ಲರ ಊಟ ಮುಗಿದು, ಹಿತ್ತಲಲ್ಲಿ ಪಾತ್ರೆಗಳು ಒಣಗುತ್ತಿರುವಾಗ, ಕೈಬೆರಳುಗಳು ಮಣೆಯ ಮೇಲೆ ತಾವಾಗಿಯೇ ಕೀಲಿ ಒತ್ತುತ್ತಿದ್ದವು. ಅತ್ತೆ ಒಮ್ಮೆ ನೋಡಿ, “ಏನವ್ವಾ, ತಬಲಾ ಕಲ್ತಿದ್ಯಾ?” ಎಂದಿದ್ದರು.

ಮಾವನವರದು ಕಿರಾಣಿಯ ಸಗಟು ವ್ಯಾಪಾರ. ಚನ್ನಗಿರಿಯಲ್ಲಿ ಮನೆಯ ಮುಂಭಾಗವೇ ಅಂಗಡಿ ಮತ್ತು ಗೋದಾಮು. ನ್ಯಾಮತಿಯ ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಿದ್ದರು, ಜಗಳೂರಿನದನ್ನು ಮಾವನ ತಮ್ಮ, ನಾವು ಚಿಕ್ಕಮಾವ ಅನ್ನುತ್ತಿದ್ದವರು. ಇಲ್ಲಿ ಯಾವ ಸಾಮಾನು ಎಷ್ಟಿದೆ ಎಂದು ಅಲ್ಲಿಗೆ ತಿಳಿಸುವುದೇ ದೊಡ್ಡ ಕಷ್ಟ. ಎಂಬತ್ತರ ದಶಕದ ನಡುವಿನಲ್ಲಿ ಮಾವ ದಾವಣಗೆರೆಯ ಒಬ್ಬ ವ್ಯಾಪಾರಿಯ ಗದ್ದಿಗೆಯ ಪಕ್ಕ ಕಂಪ್ಯೂಟರ್ ನೋಡಿ ಬಂದರು. “ಅವನ ಮನೇಲಿ ನಡೆಸೋರಿಲ್ಲ, ಸಂಬಳ ಕೊಟ್ಟು ಇಟ್ಕಂಡಾನೆ. ನಮ್ಮನೇಲಿ ಕಲ್ತ ಸೊಸೆ ಸುಮ್ನೆ ಕುಂತಾಳೆ,” ಎಂದರು. ಆಗ ನಾನು ಇಪ್ಪತ್ತು ಜನರ ಹಪ್ಪಳದ ಹಿಟ್ಟು ನಾದುತ್ತಿದ್ದೆ.

ಕಾರಹುಣ್ಣಿಮೆಯ ವೇಳೆಗೆ ದಾವಣಗೆರೆಯಿಂದ ಟೆಂಪೋದಲ್ಲಿ ಯಂತ್ರ ಬಂತು. ಅಂಗಡಿಗೂ ನಡುಮನೆಗೂ ಮಧ್ಯದ ಕೋಣೆಯಲ್ಲಿ ಇಟ್ಟೆವು. ಅದಕ್ಕೆ ವಿಭೂತಿ, ಕುಂಕುಮ, ಮಲ್ಲಿಗೆ ಎಲ್ಲ ಆಯಿತು. ಹೂವಿನ ದಾರ ಫ್ಲಾಪಿ ಹಾಕುವ ಬಾಯಿಗೆ ಸಿಕ್ಕಿದ್ದನ್ನು ನಾನು ಹೇರ್‌ಪಿನ್ನಿನಿಂದ ತೆಗೆದೆ. ದಿನಾ ಮಧ್ಯಾಹ್ನ ಎರಡು ಗಂಟೆ ಕಾಲ ನಾನು ಅಲ್ಲಿ ಕೂರುವುದು, ಆ ಹೊತ್ತಿನ ಒಳಗಿನ ಕೆಲಸ ಅತ್ತೆ ನೋಡಿಕೊಳ್ಳುವುದು ಎಂದು ಮಾವ ತೀರ್ಮಾನ ಮಾಡಿದರು. ಅತ್ತೆ “ನೋಡಾಣ” ಅಂದರು. ಮಾವನ ತೀರ್ಮಾನಗಳು ಜಾರಿಗೆ ಬರುತ್ತಿದ್ದುದು ಅತ್ತೆಯ ‘ನೋಡಾಣ’ ದಾಟಿದ ಮೇಲೆಯೇ. ಯಂತ್ರ ಉಳಿದರೆ ಆ ಎರಡು ಗಂಟೆ ನನ್ನದು. ಅದು ಹೋದರೆ ನಾನು ಮತ್ತೆ ಮಣೆಯ ಮೇಲೆ ತಬಲಾ. ನನಗೆ ಬೇರೆ ಯಾವ ಒಡವೆಯ ಮೇಲೂ ಇಷ್ಟು ಆಸೆ ಹುಟ್ಟಿದ್ದು ನೆನಪಿಲ್ಲ.

ಕೋಣೆಯ ಒಂದು ಗೋಡೆಯಾಚೆ ಒಣಮೆಣಸಿನಕಾಯಿ ಚೀಲಗಳು, ಇನ್ನೊಂದರಾಚೆ ಬೆಲ್ಲ. ಬೆಲ್ಲದ ಕಡೆಯಿಂದ ಇರುವೆ ಬರುತ್ತಿದ್ದವು, ಮೆಣಸಿನಕಾಯಿ ಕಡೆಯಿಂದ ಘಾಟು. ನನಗೂ ಯಂತ್ರಕ್ಕೂ ಒಟ್ಟಿಗೆ ಸೀನು. ನಾನು ಸೀನಿ ಸುಮ್ಮನಾಗುತ್ತಿದ್ದೆ. ಯಂತ್ರ ಮಾತ್ರ ಫ್ಲಾಪಿ ಓದಲಾರದೆ ನಿಂತು, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಹಾಕುತ್ತಿತ್ತು. ‘ಅಬಾರ್ಟ್, ರಿಟ್ರೈ, ಇಗ್ನೋರ್?’ ಎ ಒತ್ತಿದರೆ ಮಾಡುತ್ತಿದ್ದ ಕೆಲಸ ಕೈಬಿಡುತ್ತದೆ, ಆರ್ ಒತ್ತಿದರೆ ಇನ್ನೊಮ್ಮೆ ನೋಡುತ್ತದೆ, ಐ ಒತ್ತಿದರೆ ಕಂಡೂ ಕಾಣದಂತೆ ಮುಂದೆ ಹೋಗುತ್ತದೆ. ಆ ಕಾಲದ ಎಲ್ಲ ಯಂತ್ರಗಳೂ ಇದನ್ನೇ ಕೇಳುತ್ತಿದ್ದವು.

ಆಗ ನಾದಿನಿ ಬಾಣಂತನಕ್ಕೆಂದು ನ್ಯಾಮತಿಯಿಂದ ಬಂದಿದ್ದಳು. ತುಂಬಿದ ಹೊಟ್ಟೆಯ ಮೇಲೆ ಕೋಡುಬಳೆಯ ತಟ್ಟೆ ಇಟ್ಟುಕೊಂಡು ನನ್ನ ಹಿಂದೆ ಕೂತಿದ್ದಳು. ಪಕ್ಕದಲ್ಲಿ ಅತ್ತೆ. ಯಂತ್ರ ಸೀನಿತು. ಪ್ರಶ್ನೆ ಬಂತು.

“ಏನಂತೈತೆ ಅದು?” ಎಂದರು ಅತ್ತೆ.

ನಾನು ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಓದಿದರು. ಇವರು ಬಿ.ಕಾಂ. ಓದಿದವರು, ಸುಳ್ಳು ಹೇಳಲು ಬಾರದವರು, ಮೇಲಾಗಿ ನಿಘಂಟಿನ ಮೇಲೆ ಭಕ್ತಿ ಇರುವವರು.

“ಗರ್ಭಪಾತ ಮಾಡ್ಲಾ, ಇನ್ನೊಂದು ಸಲ ನೋಡ್ಲಾ, ಸುಮ್ನೆ ಬಿಡ್ಲಾ ಅಂತ ಕೇಳ್ತೈತವ್ವಾ.”

ನಾದಿನಿಯ ಬಾಯಲ್ಲಿ ಕೋಡುಬಳೆ ಮುರಿಯುವ ಸದ್ದು ನಿಂತುಹೋಯಿತು.

“ಬಿಡ್ತು ಅನ್ನೋ!” ಅತ್ತೆ ಎದ್ದೇಬಿಟ್ಟರು.

“ಬಿಡ್ತು, ಬಿಡ್ತು,” ಅಂದರು ಇವರು, ಗಾಬರಿಯಲ್ಲಿ ಎರಡು ಸಲ.

“ನೀನಲ್ಲ! ಅದು! ಅದಕ್ಕೆ ಬಿಡ್ತು ಅನ್ನಾಕೆ ಹೇಳು!”

ಯಂತ್ರ ಅನ್ನಲಿಲ್ಲ. ಹಸಿರು ಅಕ್ಷರಗಳಲ್ಲಿ, ಉತ್ತರಕ್ಕಾಗಿ ಕಣ್ಣು ಮಿಟುಕಿಸುತ್ತ ಕೂತಿತ್ತು. ಅತ್ತೆ ಮಗಳಿಗೆ ಉಪ್ಪು-ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಆ ಘಾಟು ಬಂದು ಯಂತ್ರ ಮತ್ತೊಮ್ಮೆ ಅದನ್ನೇ ಕೇಳಿತು.

ಸಂಜೆ ಮಾವನ ಎದುರಿಗೆ ಅತ್ತೆಯ ತೀರ್ಪಾಯಿತು. “ಬಸುರಿ ಹೆಂಗಸು ಇರೋ ಮನೆ. ಅಂಥ ಮಾತು ಆಡೋರು ಮನುಷ್ಯಾರಾದ್ರೂ ಇಟ್ಕಳಲ್ಲ. ಈಗ ಆಷಾಢ, ಏನೂ ಹೊರಗೆ ಕಳಿಸಬಾರ್ದು, ಅದಕ್ಕೆ ಉಳ್ಕಂತು. ಭೀಮನ ಅಮಾಸೆ ಒಳಗೆ ಅದರ ಬಾಯಿ ತೊಳೀರಿ. ಇಲ್ಲಾಂದ್ರೆ ಶ್ರಾವಣ ಹುಟ್ಟಿದ ದಿನ ಬಂದ ಟೆಂಪೋದಾಗೇ ವಾಪಸ್.”

ಮಾವ ನನ್ನ ಕಡೆ ನೋಡಿದರು. “ಆಗ್ತದೇನವ್ವಾ?”

“ಆಗುತ್ತೆ ಮಾವ,” ಅಂದೆ. ಹೇಗೆ ಎಂದು ಆಗ ಗೊತ್ತಿರಲಿಲ್ಲ.

ಯಂತ್ರದ ಜೊತೆ ಬಂದ ಪುಸ್ತಕವನ್ನು ಮಧ್ಯಾಹ್ನಗಳಲ್ಲಿ ಓದಿದೆ. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಿನ ಹೊಟ್ಟೆ ಬಗೆದು ನೋಡುವ ಉಪಾಯ ಅದರಲ್ಲಿತ್ತು. ಎಡಕ್ಕೆ ಸಾಲು ಸಾಲು ಅಂಕಿಗಳು, ಬಲಕ್ಕೆ ಚುಕ್ಕಿಗಳ ನಡುವೆ ಅಲ್ಲೊಂದು ಇಲ್ಲೊಂದು ಅಕ್ಷರ. ನೋಡಿದ ಕೂಡಲೇ ಕಾನ್ವೆಂಟಿನ ಹೊಲಿಗೆ ತರಗತಿ ಕಣ್ಣಿಗೆ ಬಂತು. ಚೌಕಳಿ ಬಟ್ಟೆಯ ಮೇಲೆ ಅಡ್ಡಗೀಟಿನ ಹೊಲಿಗೆಯಲ್ಲಿ ಹೆಸರು ಬಿಡಿಸುವಾಗ ಸಿಸ್ಟರ್ ಬೆನ್ನ ಹಿಂದೆ ನಿಂತು, “ಮೊದಲು ಮನೆ ಎಣಿಸು ಮಗು, ಆಮೇಲೆ ಸೂಜಿ ಹಾಕು,” ಅನ್ನುತ್ತಿದ್ದರು. ಇಲ್ಲೂ ಅದೇ ನಿಯಮ. ಹಳೆಯ ಮಾತು ಎಷ್ಟು ಮನೆಯಲ್ಲಿತ್ತೋ ಅಷ್ಟರಲ್ಲೇ ಹೊಸ ಮಾತು ಕೂರಬೇಕು. ಒಂದು ಅಕ್ಷರ ಹೆಚ್ಚಾದರೂ ಪಕ್ಕದ ಯಾವುದೋ ಆಜ್ಞೆಯ ಮೇಲೆ ಹತ್ತಿ ಕೂತು ಯಂತ್ರ ಏಳುವುದೇ ಇಲ್ಲ.

ಯಂತ್ರಕ್ಕೆ ಗೊತ್ತಿದ್ದುದು ಇಂಗ್ಲಿಷ್ ಅಕ್ಷರ ಮಾತ್ರ. ಆ ಅಕ್ಷರಗಳಲ್ಲೇ ಕನ್ನಡ ಬರೆಯಬೇಕು. ‘ಅಬಾರ್ಟ್’ಗೆ ಐದು ಮನೆ. ‘ಬಿಡ್ತು’ ಎಂದು ಬರೆದು ನೋಡಿದೆ, ಸರಿಯಾಗಿ ಐದು! ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಹೊಳೆಯಿತು: ಒತ್ತಬೇಕಾದ ಕೀಲಿ ಎ. ಮಾತು ಎ ಇಂದಲೇ ಶುರುವಾಗಬೇಕು, ಇಲ್ಲದಿದ್ದರೆ ಅಂಗಡಿಯವರು ಬಿ ಒತ್ತಿ ಒತ್ತಿ ಕೀಲಿ ಸವೆಸುತ್ತಾರೆ. ಇವರನ್ನು ಕೇಳಿದೆ. ಬಹಳ ಹೊತ್ತು ಯೋಚಿಸಿ, “ಅಯ್ಯೋ,” ಅಂದರು. ಯಂತ್ರ ಅಂಗಡಿಯಲ್ಲಿ ಕೂತು ಅಯ್ಯೋ ಅನ್ನುವುದೇ?

ಪರಿಹಾರ ಅತ್ತೆಯಿಂದಲೇ ಸಿಕ್ಕಿತು, ಅವರಿಗೆ ಗೊತ್ತಿಲ್ಲದೆ. ಯಾರೋ ಪಕ್ಕದ ಮನೆಯವರು ಬಾಗಿಲಿಗೆ ಬಂದು ಸೇರು ಎಣ್ಣೆ ಕೇಳಿದರು. ಅತ್ತೆ ಇಲ್ಲ ಅನ್ನಲಿಲ್ಲ, ಇಲ್ಲ ಅನ್ನುವುದು ಅವರ ಬಾಯಲ್ಲಿ ಬರುವುದೇ ಇಲ್ಲ. “ಆಮೇಲೆ ಬಾರವ್ವಾ,” ಅಂದರು. ಕೇಳಿದವಳಿಗೂ ಅರ್ಥವಾಯಿತು, ನನಗೂ ಆಯಿತು. ಆಮೇಲೆ! ಎ ಇಂದ ಶುರು, ಐದೇ ಮನೆ, ಕೈಬಿಡುವುದಕ್ಕೆ ಇದಕ್ಕಿಂತ ಮೃದುವಾದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ‘ಇಗ್ನೋರ್’ಗೆ ‘ಇರಲಿ’ ತಾನಾಗಿ ಬಂದು ಕೂತಿತು. ಒಂದು ಮನೆ ಉಳಿಯಿತು, ಖಾಲಿ ಬಿಟ್ಟೆ.

ಆರ್ ಮಾತ್ರ ಕಾಡಿತು. ಕನ್ನಡದಲ್ಲಿ ರ ಇಂದ ಶುರುವಾಗುವ ಮಾತು ಹುಡುಕಿದರೆ ರಾಗಿ, ರೊಟ್ಟಿ, ರಂಪ. ಬೇಸತ್ತು, ಇವರಿಂದ ಒಂದು ಲೋಟ ನೀರಾದರೂ ತರಿಸಿಕೊಳ್ಳೋಣವೆಂದು ಕೂಗಿದೆ, “ರೀ…” ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ, “ರೀ…” ಮೂರನೆಯ ಸಲ ಕೂಗಲು ಬಾಯಿ ತೆರೆದವಳು ಹಾಗೇ ನಿಂತೆ. ಒಮ್ಮೆ ಕೇಳಿಸದಿದ್ದರೆ ಮತ್ತೊಮ್ಮೆ ಪ್ರಯತ್ನಿಸು ಎಂಬುದಕ್ಕೆ ಸಂಸಾರಸ್ಥ ಹೆಂಗಸರ ಮಾತು ಬೇರೆ ಯಾವುದಿದೆ? ಆರ್, ಇ, ಇ, ಉಳಿದ ಎರಡು ಮನೆಗೆ ಎರಡು ಚುಕ್ಕಿ. ನೀರು ಕುಡಿಯುವುದು ಮರೆತೇಹೋಯಿತು.

ಭೀಮನ ಅಮಾವಾಸ್ಯೆ ಗಂಡನ ಪಾದಪೂಜೆಯ ದಿನ. ಪೂಜೆ ಮುಗಿಸಿ, ಕಂಕಣ ಕಟ್ಟಿಕೊಂಡ ಕೈಗಳಲ್ಲೇ ಎಲ್ಲರೂ ಯಂತ್ರದ ಎದುರು ಸೇರಿದರು. ಮಾವ ಮುಂದೆ ಕುರ್ಚಿಯಲ್ಲಿ. ನಾನು ಬೇಕೆಂದೇ ಫ್ಲಾಪಿ ಹಾಕದೆ ಯಂತ್ರವನ್ನು ಕೆಣಕಿದೆ. ಇವರು ಓದಿದರು:

“ಆಮೇಲೆ, ರೀ.., ಇರಲಿ?”

ನಡುಮನೆಯಿಂದ ನಾದಿನಿ ಕಿಸಕ್ಕೆಂದಳು. ಅತ್ತೆಯ ಮುಖ ಸಡಿಲಾಯಿತು, ಮರುಕ್ಷಣ ಬಿಗಿಯಾಯಿತು.

“ಅದ್ಯಾರನ್ನ ರೀ ಅಂತೈತೆ?”

ಎದುರಿಗೆ ಕೂತಿದ್ದವರು ಮಾವ ಒಬ್ಬರೇ. ಪಾದಕ್ಕೆ ಹಚ್ಚಿದ್ದ ಅರಿಸಿನ ಇನ್ನೂ ಹಸಿಯಾಗಿತ್ತು. ಅವರು ಶಲ್ಯ ಸರಿಮಾಡಿಕೊಂಡು, “ಗಿರಾಕಿಗಳ್ನೂ ರೀ ಅಂತೀವಲ್ಲೇ, ಮರ್ಯಾದೆ ಮಾತು,” ಎಂದರು.

“ಗಿರಾಕಿಗೆ ಅನ್ನೋದು ‘ಏನ್ರೀ’. ಇದು ‘ರೀ…’ ಅಂತ ಎಳೀತೈತೆ. ಮುಂದೆ ಚುಕ್ಕಿ ಬ್ಯಾರೆ ಇಟ್ಟೈತೆ. ಏನದು ಚುಕ್ಕಿ?”

“ಜಾಗ ಉಳಿದಿತ್ತು ಅತ್ತೆ, ತುಂಬಿಸಿದೆ,” ಅಂದೆ.

ಅತ್ತೆ ಪರದೆಯನ್ನು ಹತ್ತಿರದಿಂದ ನೋಡಿದರು, ಮಾವನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. “ಹೋಗ್ಲಿ, ಮರ್ಯಾದೆ ಕಲ್ತೈತೆ,” ಎಂದರು. “ಆದ್ರೆ ನೀವು ಅದರ ಮುಂದೆ ಒಬ್ರೇ ಕೂರಬ್ಯಾಡ್ರಿ.”

ಹಾಗೆ ಯಂತ್ರ ಆಷಾಢ ದಾಟಿತು. ಆದರೆ ಅತ್ತೆಗೆ ಈಗ ಹುಮ್ಮಸ್ಸು ಬಂದಿತ್ತು. ಅದು ಇನ್ನೇನೇನು ಮಾತಾಡುತ್ತದೆ ಎಂದು ಒಂದೊಂದಾಗಿ ವಿಚಾರಿಸಿದರು. ಅಂಗಡಿಗಳಿಗೆ ಕಳಿಸುವ ಸಾಮಾನಿನ ಪಟ್ಟಿಯ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಅದರಲ್ಲಿ ಸಾಮಾನು ತೀರಿದರೆ ‘ಮುಗಿದಿದೆ’ ಎಂದು ಬರುತ್ತದೆಂದೆ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನಾನೇ ‘ಬಿಡ್ತು’ ಅಂದು, ಅಲ್ಲೇ ಕೂತು ‘ಹೆಚ್ಚೈತೆ’ ಎಂದು ತಿದ್ದಿದೆ. ನನ್ನದೇ ಪ್ರೋಗ್ರಾಂ, ಮನೆ ಎಣಿಸುವ ತಾಪತ್ರಯವೂ ಇರಲಿಲ್ಲ.

ಪಟ್ಟಿ ಅಚ್ಚಾಯಿತು. ಸುರುಳಿ ಸುತ್ತಿ ದಾರ ಕಟ್ಟಿ ಒಂದನ್ನು ನ್ಯಾಮತಿಯ ಬಸ್ಸಿನ ಕಂಡಕ್ಟರ್ ಕೈಗೆ, ಇನ್ನೊಂದನ್ನು ದಾವಣಗೆರೆ ಮೇಲೆ ಜಗಳೂರಿಗೆ ಹೋಗುವವರ ಕೈಗೆ ಕೊಟ್ಟೆವು. ನಾಗರಪಂಚಮಿ ಹತ್ತಿರ ಬಂದಿತ್ತು. ಉಂಡೆ ಕಟ್ಟುವ ಕಾಲ. ಸುತ್ತಲಿನವರೆಲ್ಲ ಒಯ್ದು ನಮ್ಮ ಗೋದಾಮಿನ ಬೆಲ್ಲದ ಮೂಲೆಯಲ್ಲಿ ಇರುವೆಗಳು ಮಾತ್ರ ಉಳಿದಿದ್ದವು.

ಪಂಚಮಿಯ ಹಿಂದಿನ ದಿನ ಮನೆಮುಂದೆ ಲಾರಿ ನಿಂತಿತು. ಚಿಕ್ಕಮಾವ ಹಮಾಲರ ಸಮೇತ ಇಳಿದರು.

“ಎಲ್ಲೈತೆ ಬೆಲ್ಲ? ಜಗಳೂರಾಗೆ ಒಂದು ಅಚ್ಚು ಸಿಗವಲ್ದು. ಎಲ್ರಿಗೂ ಮಾತು ಕೊಟ್ಟು ಬಂದೀನಿ. ಎಲ್ಲಾ ಹೇರ್ರಿ!”

ಮಾವ ಗೋದಾಮಿನ ಬಾಗಿಲು ತೆರೆದು ತೋರಿಸಿದರು. ಚಿಕ್ಕಮಾವ ಬರಿ ನೆಲ ನೋಡಿದರು. ಜೇಬಿನಿಂದ ಪಟ್ಟಿ ತೆಗೆದರು. “ಮತ್ತೆ ಇದೇನಿದು? ಬೆಲ್ಲ ಹೆಚ್ಚೈತೆ ಅಂತ ಅಚ್ಚು ಹಾಕಿ ಕಳಿಸೀರಿ!”

“ಹೆಚ್ಚೈತೆ ಅಂದ್ರೆ ಹೆಚ್ಚೈತೆ ಕಣಪ್ಪಾ,” ಅಂದರು ಅತ್ತೆ ಒಳಗಿನಿಂದ ಬರುತ್ತ. “ಆಗೋಗೈತೆ.”

ಚಿಕ್ಕಮಾವ ಕುಸಿದು ಬೆಂಚಿನ ಮೇಲೆ ಕೂತರು. ಆಮೇಲೆ ಎದ್ದರು. “ಅಣ್ಣಾ, ಈ ಮಿಷಿನ್ನು ಸುಳ್ಳು ಹೇಳ್ತೈತೆ. ಹೆಂಗೂ ಲಾರಿ ತಂದೀನಿ. ಬೆಲ್ಲದ ಬದ್ಲು ಇದನ್ನೇ ಹೇರ್ಕಂಡು ಹೋಗಿ ದಾವಣಗೆರೇಲಿ ಇಳಿಸಿ ಹೋಗ್ತೀನಿ. ಇವತ್ತೇ.”

ಹಮಾಲರು ನಿಜವಾಗಿಯೂ ಕೋಣೆಯ ಬಾಗಿಲಿಗೆ ಬಂದು, ನಾನು ಲೇಸು ಇಟ್ಟು ಹೊಲಿದಿದ್ದ ಗವಸನ್ನು ಎತ್ತಿ ನೋಡಿದರು. ಸುಳ್ಳು ಹೇಳಲು ಬಾರದ ಇವರು, “ಹೆಚ್ಚು ಅಂದ್ರೆ ನಿಘಂಟಿನಲ್ಲಿ…” ಎಂದು ಶುರುಮಾಡಿದರು; ನಾನು ಕಣ್ಣಲ್ಲೇ ತಡೆದೆ.

“ಸುಳ್ಳಾ?” ಅತ್ತೆಯ ದನಿ ಏರಿತು. “ಏನಂದೆ? ಮನೇಲಿ ಅಕ್ಕಿ ಹೆಚ್ಚೈತೆ ಅಂತ ನಾನು ಇಷ್ಟು ವರ್ಷ ಹೇಳಿದ್ದೂ ಸುಳ್ಳಾ? ಈ ಮಾತು ನಂಗೆ ಕಲ್ಸಿದ್ದು ಯಾರು ಗೊತ್ತೇನೋ? ನಿನ್ನವ್ವ! ಹಡೆದ ಮಗನಿಗೇ ಕಲ್ಸಲಿಲ್ಲ ಅಂತ ಈಗ ಗೊತ್ತಾತು.”

“ಅವ್ವ ಬಾಯಾಗೆ ಹೇಳ್ತಿದ್ಲು ಅತ್ತಿಗೆ! ಅಚ್ಚು ಹಾಕಿ ಬಸ್ಸಿಗೆ ಕೊಡ್ತಿರಲಿಲ್ಲ!”

“ಬಾಯಾಗೆ ಹೇಳಿದ್ರೆ ಅರ್ಥ ಆಗ್ತೈತೆ, ಕಾಗದದಾಗೆ ಹೇಳಿದ್ರೆ ಆಗಲ್ವಾ? ಮನೆಮಂದಿಯೊಳಗೆಲ್ಲ ಸರಿಯಾಗಿ ಮಾತಾಡೋದು ಅಂದ್ರೆ ಈ ಮಿಷಿನ್ನೊಂದೇ. ಅದನ್ನ ಹೇರ್ಕಂಡು ಹೋಗ್ತಾನಂತೆ. ಬಿಡ್ರೋ ಅದರ ಮುಸುಕು!”

ಹಮಾಲರು ಗವಸು ಬಿಟ್ಟರು. ಅತ್ತೆ ನನ್ನ ಯಂತ್ರದ ಪರ ನಿಂತದ್ದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆದರೆ ಚಿಕ್ಕಮಾವನ ಮಾತಲ್ಲೂ ನ್ಯಾಯವಿತ್ತು. ಬರಿ ಲಾರಿಯಲ್ಲಿ ಜಗಳೂರಿಗೆ ಹಿಂದಿರುಗಿ ಎಲ್ಲರ ಬಾಯಿಗೆ ಬೀಳಬೇಕಾದವರು ಅವರು. ಅವರಿಗೆ ತಿಳಿಯುವಂತೆ ಪಟ್ಟಿ ಇರದಿದ್ದರೆ ಮುಂದಿನ ಹಬ್ಬಕ್ಕೆ ಮತ್ತೆ ಇದೇ ಲಾರಿ ಬರುತ್ತದೆ, ಆಗ ಅತ್ತೆಯೂ ಯಂತ್ರವನ್ನು ಉಳಿಸಲಾರರು.

“ಅತ್ತೆ,” ಅಂದೆ ಮೆಲ್ಲಗೆ, “ಮಿಷಿನ್ ಒಳಗೆ ಹೆಚ್ಚೈತೆ ಅಂತಲೇ ಅನ್ನಲಿ. ಅಚ್ಚು ಹಾಕುವ ಪ್ರಿಂಟರ್ ಬೇರೆ ಇದೆಯಲ್ಲ, ಅದನ್ನ ಹೊಸ್ತಿಲಾಚೆ ಜಗಲಿ ಮೇಲೆ ಇಟ್ಟರೆ? ಅಲ್ಲಿ ಹಳೇ ಮಾತನ್ನೇ ಅಚ್ಚು ಹಾಕಿದರೂ ಆ ಕೆಟ್ಟ ಮಾತು ಮನೆಯೊಳಗೆ ಬರೋದಿಲ್ಲ. ಅಲ್ಲಿಂದ ಹಂಗೇ ಬಸ್ಸಿಗೆ.”

ಅತ್ತೆ ಹೊಸ್ತಿಲನ್ನು ನೋಡಿದರು. ಜಗಲಿಯನ್ನು ನೋಡಿದರು. “ಹೊರಗೆ ನಿಂತು ಏನಾರ ಒದ್ರಲಿ,” ಅಂದರು. “ಆದ್ರೆ ನೀನು ಮಾತ್ರ ಒಳಗೆ ಕೂತು ದಿನಾ ಅದನ್ನ ನೋಡ್ಕಬೇಕು. ಬಿಟ್ರೆ ಮತ್ತೆ ಹಳೇ ಬುದ್ಧಿ ತೋರುಸ್ತೈತೆ.”

ಚಿಕ್ಕಮಾವ ಬೆಲ್ಲದ ಬದಲು ಉಪ್ಪು, ಮೆಣಸಿನಕಾಯಿ ಹೇರಿಕೊಂಡು ಹೋಗಿ ಬಂದರು. ಅಂದರೆ ಹೋದರು.

ಪ್ರಿಂಟರ್ ಜಗಲಿಗೆ ಹೋಯಿತು. ಕಿಟಕಿಯ ಸರಳುಗಳ ನಡುವೆ ತಂತಿ ಎಳೆದೆವು. ಮೊದಲ ಪಟ್ಟಿ ಅಚ್ಚಾದಾಗ ಕಿರುಚುವ ಸದ್ದಿಗೆ ಕೆರೆಬಿಳಚಿಯಿಂದ ಬಂದಿದ್ದ ಗಿರಾಕಿಗಳು ಸುತ್ತ ನೆರೆದು, ಕಾಗದ ಹೊರಬರುತ್ತಿದ್ದಂತೆ ಬಾಯಿಬಿಟ್ಟು ಓದತೊಡಗಿದರು. “ಶೇಂಗಾ ಮುಗಿದಿದೆಯಂತೆ ಕಣ್ರೋ!” ಮಾವ ಅಂಗಡಿಯಿಂದ ಓಡಿ ಬಂದು, “ಊರಿಗೆಲ್ಲಾ ಸಾರ್ತೈತಲ್ಲವ್ವಾ ನಿನ್ನ ಮಿಷಿನ್ನು!” ಎಂದು ಅದರ ಮೇಲೆ ಗೋಣಿಚೀಲ ಹೊದಿಸಿದರು. ಚೀಲದೊಳಗಿಂದಲೂ ಅದು ಕಿರುಚುತ್ತಲೇ ಇತ್ತು.

ನನ್ನ ಎರಡು ಗಂಟೆಯ ಹೊತ್ತು ಅದು, ಒಳಗೆ ಕೋಣೆಯಲ್ಲಿ ಕೂತು ಮುಂದಿನ ಪಟ್ಟಿಗೆ ಕೀಲಿ ಒತ್ತುತ್ತಿದ್ದೆ. ಅಡುಗೆಮನೆಯ ಕಡೆಯಿಂದ ಸಾಸಿವೆ ಚಟಪಟ ಸಿಡಿದ ಸದ್ದು ಕೇಳಿತು, ಹಿಂದೆಯೇ ಕರಿಬೇವಿನ ಘಮ ಬಂತು. ಆ ಒಗ್ಗರಣೆ ಹಾಕಿದವಳು ನಾನಲ್ಲ.